ಅಪ್ಪನ ಜೊತೆ ಸಾಂತಾ ಕ್ರೋಚೆ: ಫ್ಲಾರೆನ್ಸಿನಲ್ಲಿ ಮೂರು ದಿನ

ಅಪ್ಪನ ಟ್ರಂಕಿನಲ್ಲಿ ಒಂದು ಚಿತ್ರ ಇದೆ. ಯಾವುದೋ ಹಳೇ ಇಂಗ್ಲಿಷ್ ಪುಸ್ತಕದಿಂದ ಕಳಚಿ ಬಿದ್ದ ಹಾಳೆ. ಕಪ್ಪು ಬಿಳುಪು, ಅಂಗೈ ಅಗಲ. ಸನ್ಯಾಸಿಯೊಬ್ಬರು ತೀರಿಕೊಂಡು ಮಲಗಿದ್ದಾರೆ. ಸಂಗಡಿಗರು ಸುತ್ತ ಕೂತಿದ್ದಾರೆ. ಒಬ್ಬ ಕೈಗೆ ಮುತ್ತಿಡುತ್ತಿದ್ದಾನೆ, ಒಬ್ಬ ಮುಖದ ಹತ್ತಿರ ಬಗ್ಗಿದ್ದಾನೆ. ಒಬ್ಬ ಮಾತ್ರ ತಲೆ ಎತ್ತಿ ಆಕಾಶ ನೋಡುತ್ತಿದ್ದಾನೆ. ಕೆಳಗೆ ಸಣ್ಣ ಅಕ್ಷರದಲ್ಲಿ ಜಿಯೊಟ್ಟೊ, ಸಾಂತಾ ಕ್ರೋಚೆ, ಫ್ಲಾರೆನ್ಸ್ ಅಂತ ಇದೆ. ಬಿಡಿಸಿದವರು ಜಿಯೊಟ್ಟೊ, ಇಟಲಿಯ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನ ಗೋಡೆಯ ಮೇಲೆ.

ಅಪ್ಪ ಹಾಸನದ ಹತ್ತಿರದ ಹೈಸ್ಕೂಲಿನಲ್ಲಿ 31 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಚಿತ್ರಕಲೆಯ ಲೋಯರ್, ಹೈಯರ್ ಪರೀಕ್ಷೆಗೆ ಮಕ್ಕಳನ್ನು ಕೂರಿಸುವಾಗ ಈ ಹಾಳೆ ತೋರಿಸುತ್ತಿದ್ದರು. "ಬೆನ್ನು ತೋರಿಸಿ ಕೂತಿರೋರನ್ನ ನೋಡಿ. ಮುಖ ಕಾಣಲ್ಲ, ಆದ್ರೂ ಅಳ್ತಿದಾರೆ ಅಂತ ಗೊತ್ತಾಗುತ್ತಲ್ವಾ" ಅನ್ನುತ್ತಿದ್ದರು. ತಮ್ಮ ಮಿಲಾನಿಗೆ ಓದಲು ಹೋದ ಮೇಲೆ ನಮಗೂ ಹೋಗುವ ದಾರಿ ಆಯಿತು. ಅಕ್ಟೋಬರ್ ಕೊನೆಯ ವಾರ. ಅಮ್ಮ ಮಗನಿಗೆ ಅಡುಗೆ ಮಾಡಿ ಹಾಕುತ್ತೇನೆ ಅಂತ ಮಿಲಾನಿನಲ್ಲೇ ಉಳಿದರು. ನಾನು, ಅಪ್ಪ ಫ್ಲಾರೆನ್ಸಿಗೆ ಹೊರಟೆವು. ಅಪ್ಪನ ಶರ್ಟಿನ ಜೇಬಿನಲ್ಲಿ ಆ ಹಾಳೆ ಇತ್ತು.

ಮೊದಲ ದಿನ, ಭಾನುವಾರ

ಫಾಸ್ಟ್ ಟ್ರೇನಿನಲ್ಲಿ ಎರಡು ಗಂಟೆ. ಸ್ಟೇಷನ್ನಿನಿಂದ ಸಾಂತಾ ಕ್ರೋಚೆ ಕಡೆಗೆ ನಡೆದೇ ಹೋಗಬಹುದು, ಇಪ್ಪತ್ತೈದು ನಿಮಿಷ. ಆದರೆ ಬೀದಿಗೆಲ್ಲ ಕಲ್ಲುಚಪ್ಪಡಿ ಹಾಸಿದ್ದಾರೆ. ಗಾಲಿ ಸೂಟ್‌ಕೇಸ್ ಎಳೆದರೆ ಇಡೀ ಓಣಿಗೆ ಕೇಳುವಷ್ಟು ಸದ್ದು. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗೇ ಒಳ್ಳೆಯದು.

ಓಣಿ ಮುಗಿದು ಚೌಕ ತೆರೆದುಕೊಂಡಾಗ ಅಪ್ಪ ನಿಂತುಬಿಟ್ಟರು. ಎದುರಿಗೆ ಬಿಳಿ, ಹಸಿರು, ನಸುಗೆಂಪು ಅಮೃತಶಿಲೆಯ ಮುಂಭಾಗ. ಮೊನಚು ಕಮಾನುಗಳು. ತುದಿಯಲ್ಲಿ ಆರು ಮೂಲೆಯ ದೊಡ್ಡ ನಕ್ಷತ್ರ. ಚರ್ಚು ಕಟ್ಟಲು ಶುರು ಮಾಡಿದ್ದು 1294ರ ಸುಮಾರಿಗೆ, ಆದರೆ ಈ ಮುಂಭಾಗ ಬಂದದ್ದು 1853ರಿಂದ 1863ರ ನಡುವೆ. ಐನೂರು ವರ್ಷಕ್ಕೂ ಜಾಸ್ತಿ ಕಾಲ ಅದು ಬರೀ ಒರಟು ಕಲ್ಲಿನ ಗೋಡೆ. ಇದನ್ನು ರಚಿಸಿದವರು ನಿಕೊಲೊ ಮಾತಾಸ್ ಅನ್ನುವ ಯಹೂದಿ ವಾಸ್ತುಶಿಲ್ಪಿ. ಒಳಗೆ ಮಣ್ಣು ಮಾಡಲು ಅವರ ಧರ್ಮ ಅಡ್ಡ ಬಂತು. ಬಾಗಿಲ ಹೊರಗೆ, ಮೆಟ್ಟಿಲ ಹತ್ತಿರ ಅವರ ಸಮಾಧಿ ಇದೆ. ತಾನೇ ಕಟ್ಟಿದ ಬಾಗಿಲಿನ ಹೊರಗೆ! ಅಲ್ಲಿ ಹಾದು ಹೋಗುವಾಗೆಲ್ಲ ನಾನು ಕಲ್ಲು ತುಳಿಯದೆ ಬಳಸಿಕೊಂಡು ಹೋದೆ.

ಒಳಗೆ ಮಾತ್ರ ಹೋಗಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ನೋಡಲು ಬರುವವರಿಗೆ ಮಧ್ಯಾಹ್ನದ ಮೇಲೇ. ಇದನ್ನು ನಾನು ಮೊದಲೇ ನೋಡಿಕೊಳ್ಳಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಸಾಲು ಚರ್ಚಿನ ಮೂಲೆ ತಿರುಗಿತ್ತು. ಅಪ್ಪನೇ ಹೇಳಿದರು: "ನಾಳೆ ಬೆಳಿಗ್ಗೆ ಮೊದಲು ಬರೋಣ ಕಣೇ. ಇಷ್ಟು ವರ್ಷ ಕಾದಿಲ್ವಾ."

ಅಷ್ಟರಲ್ಲಿ ಮಳೆ. ಎರಡೇ ನಿಮಿಷದಲ್ಲಿ ಛತ್ರಿ ಮಾರುವ ಹುಡುಗರು ಬಂದರು. ಒಬ್ಬ ಅಪ್ಪನ ಮುಖ ನೋಡಿ ಹಿಂದಿಯಲ್ಲೇ ಮಾತಾಡಿಸಿದ. ಬಾಂಗ್ಲಾದೇಶದ ಸಿಲೆಟ್ ಕಡೆಯವನು, ಊರ ಸುತ್ತ ಟೀ ತೋಟ. ನಮ್ಮ ಕಡೆ ಕಾಫಿ ತೋಟ ಅಂದರು ಅಪ್ಪ. ಆಮೇಲೆ ಇಬ್ಬರೂ ಮರದ ನೆರಳು, ಜಿಗಣೆ ಅಂತ ಹತ್ತು ನಿಮಿಷ ಮಾತಾಡಿದರು. ಅಪ್ಪನ ಹಿಂದಿ ಅಷ್ಟಕ್ಕಷ್ಟೆ. ಮಾತು ಮಾತ್ರ ಎಲ್ಲೂ ನಿಲ್ಲಲಿಲ್ಲ.

ಮಳೆ ಸ್ವಲ್ಪ ಬಿಟ್ಟಾಗ ಸಾನ್ ರೆಮಿಜಿಯೊ ಬೀದಿಯ ಮೂಲೆಗೆ ಹೋದೆವು. ನದಿ ಮತ್ತು ಚರ್ಚಿನ ನಡುವಿನ ಸಣ್ಣ ಓಣಿ. ಅಲ್ಲಿ ಗೋಡೆಗೆ ಎರಡು ಕಲ್ಲು ಕೂರಿಸಿದ್ದಾರೆ. ಒಂದರಲ್ಲಿ ನೀರಿನ ಅಲೆಯಿಂದ ಮೇಲೆದ್ದ ಕೈ, ಬೆರಳು ಒಂದು ಗೆರೆ ತೋರಿಸುತ್ತದೆ. ಆರ್ನೊ ನದಿ 1333ರ ನವೆಂಬರ್ 4ರಂದು ಅಲ್ಲಿಯವರೆಗೆ ಬಂದಿತ್ತು. ಅದಕ್ಕಿಂತ ಮೇಲೆ ಇನ್ನೊಂದು ಕಲ್ಲು, 1966ರದು. ತಾರೀಖು ಅದೂ ನವೆಂಬರ್ 4. ನೆಲದಿಂದ 4.92 ಮೀಟರ್, ಅಂದರೆ ಹದಿನಾರು ಅಡಿ. ಕತ್ತು ಎತ್ತಿಯೇ ನೋಡಬೇಕು. ಅಪ್ಪ ಕೈ ಚಾಚಿದರು, ಛತ್ರಿ ಚಾಚಿದರು, ಯಾವುದೂ ಮುಟ್ಟಲಿಲ್ಲ.

ನನಗೆ ಶೆಟ್ಟಿಹಳ್ಳಿ ನೆನಪಾಯಿತು. ಹಾಸನದವರಿಗೆ ಗೊತ್ತಿರುತ್ತದೆ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಗಾಥಿಕ್ ಚರ್ಚು. ಗೊರೂರಿನ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಚಾವಣಿ ಇಲ್ಲ. ಮೊನಚು ಕಮಾನುಗಳಷ್ಟೇ ಉಳಿದಿವೆ. ಸ್ಕೂಲಿನ ಮಕ್ಕಳನ್ನು ಅಪ್ಪ ಅಲ್ಲಿಗೆ ಚಿತ್ರ ಬಿಡಿಸಲು ಕರೆದುಕೊಂಡು ಹೋಗುತ್ತಿದ್ದರು. ಗಾಥಿಕ್ ಕಮಾನು ಅಂದರೆ ನನಗೆ ಮೊದಲು ನೆನಪಾಗುವುದು ಆ ಕೆಸರಿನ ವಾಸನೆ.

ರಾತ್ರಿ ರಿಬೊಲ್ಲಿತಾ ತಿಂದೆವು. ಕಪ್ಪು ಎಲೆಕೋಸು, ಬಿಳಿ ಅವರೆಯಂಥ ಕಾಳು, ಹಳೇ ಬ್ರೆಡ್ಡು ಹಾಕಿ ಗಟ್ಟಿಯಾಗಿ ಕುದಿಸಿದ್ದು. ಹೆಸರಿನ ಅರ್ಥವೇ ಮತ್ತೆ ಕುದಿಸಿದ್ದು ಅಂತ. ನಮ್ಮ ಬಸ್ಸಾರಿನ ಹಾಗೆ ಇದಕ್ಕೂ ಎರಡನೇ ದಿನವೇ ರುಚಿ. ಇಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಬರೀ ಬಾಯಿಗೆ ಸಪ್ಪೆ, ಸಾರಿನಲ್ಲಿ ಅದ್ದಿದರೆ ಸರಿಹೋಗುತ್ತದೆ. ಮಾಂಸ ತಿನ್ನದವರು ಮೊದಲೇ ಕೇಳಿಕೊಳ್ಳಿ, ಕೆಲವು ಕಡೆ ಕುದಿಸುವ ನೀರಿಗೇ ಹಾಕಿರುತ್ತಾರೆ.

ಎರಡನೇ ದಿನ, ಸೋಮವಾರ

ಕಾಫಿ ಬಾರಿನ ಕಟ್ಟೆಗೆ ಒರಗಿ ನಿಂತೇ ಕಾಫಿ ಕುಡಿದೆವು. ಕೂತರೆ ಅದೇ ಕಾಫಿಗೆ ರೇಟು ಜಾಸ್ತಿ. ಬಾಗಿಲು ತೆಗೆಯುವ ಮೊದಲೇ ಚರ್ಚಿನ ಎಡಬದಿಗೆ ಹೋಗಿ ನಿಂತೆವು, ಟಿಕೆಟ್ ಕೊಡುವುದು ಅಲ್ಲಿ. ಆ ಜಾಗಕ್ಕೆ ಬಾರ್ಜೆಲ್ಲಿನಿ ಹೆಸರು ಇಟ್ಟಿದ್ದಾರೆ. 1966ರ ಪ್ರವಾಹದ ಹೊತ್ತಲ್ಲಿ ಊರಿನ ಮೇಯರ್ ಆಗಿದ್ದವರು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಬೇಕು. ಒಳಗೆ ಚಳಿ, ಸ್ವೆಟರ್ ಕೂಡ ಬೇಕು.

ಒಳಗೆ ಕಾಲಿಟ್ಟರೆ ಮೊದಲು ಅನಿಸುವುದು ಎಷ್ಟು ಖಾಲಿ ಜಾಗ ಅಂತ. ಎರಡೂ ಕಡೆ ಎಂಟು ಮುಖದ ಕಂಬಗಳು, ಅವುಗಳ ಮೇಲೆ ಮೊನಚು ಕಮಾನು. ಚಾವಣಿ ಮಾತ್ರ ಕಲ್ಲಿನದಲ್ಲ, ಮರದ್ದು. ಬಣ್ಣ ಬಳಿದ ತೊಲೆ, ಜಂತಿ ಎಲ್ಲಾ ಬರಿಗಣ್ಣಿಗೇ ಕಾಣುತ್ತವೆ. "ನಮ್ಮ ಅಜ್ಜನ ಮನೆ ಅಟ್ಟದ ಥರಾನೇ ಇದೆ" ಅಂದರು ಅಪ್ಪ. ಕಟ್ಟಿಸಿದವರು ಸಂತ ಫ್ರಾನ್ಸಿಸರ ಹಾದಿಯ ಸನ್ಯಾಸಿಗಳು. ಬಡತನದ ವ್ರತ ಹಿಡಿದವರು. ಬಂದವರಿಗೆಲ್ಲ ಉಪದೇಶ ಕೇಳಬೇಕು ಅಂತ ಇಷ್ಟು ಅಗಲ.

ಬಲಗಡೆ ಗೋಡೆಯಲ್ಲಿ ಮೈಕೆಲೆಂಜೆಲೊ ಸಮಾಧಿ. 1564ರಲ್ಲಿ ಅವರು ತೀರಿಕೊಂಡದ್ದು ರೋಮಿನಲ್ಲಿ. ತಮ್ಮನ ಮಗ ಹೆಣವನ್ನು ಸರಕಿನ ಮೂಟೆಯ ಹಾಗೆ ಕಟ್ಟಿಸಿ ಗುಟ್ಟಾಗಿ ಫ್ಲಾರೆನ್ಸಿಗೆ ಸಾಗಿಸಿದ. ಸಮಾಧಿಯ ವಿನ್ಯಾಸ ಚಿತ್ರಕಾರ, ವಾಸ್ತುಶಿಲ್ಪಿ ವಸಾರಿಯದು. ಚಿತ್ರಕಲೆ, ಶಿಲ್ಪ, ವಾಸ್ತು ಮೂರೂ ಹೆಣ್ಣುರೂಪದಲ್ಲಿ ಕೂತು ದುಃಖಿಸುತ್ತಿವೆ. ನೇರ ಎದುರಿನ ಗೋಡೆಯಲ್ಲಿ ಗೆಲಿಲಿಯೊ. ಮೈಕೆಲೆಂಜೆಲೊ ಸಾಯುವ ಮೂರು ದಿನ ಮೊದಲು ಗೆಲಿಲಿಯೊ ಹುಟ್ಟಿದ್ದು. ಆದರೆ ಈ ಗೋಡೆಗೆ ಬರಲು ಗೆಲಿಲಿಯೊ ಜಾಸ್ತಿ ಕಾಯಬೇಕಾಯಿತು. 1642ರಲ್ಲಿ ತೀರಿಕೊಂಡಾಗ ಧರ್ಮಪೀಠ ದೊಡ್ಡ ಸಮಾಧಿಗೆ ಒಪ್ಪಲಿಲ್ಲ. ಗಂಟೆಗೋಪುರದ ಕೆಳಗಿನ ಸಣ್ಣ ಕೋಣೆಯಲ್ಲಿ ಇಟ್ಟರು. 95 ವರ್ಷ ಆದ ಮೇಲೆ, 1737ರಲ್ಲಿ, ಇಲ್ಲಿಗೆ ತಂದರು. ಶಿಷ್ಯ ವಿವಿಯಾನಿ ಇದಕ್ಕಾಗಿ ಉಯಿಲಿನಲ್ಲಿ ದುಡ್ಡು ಬರೆದಿಟ್ಟು ತಾನೂ ತೀರಿಕೊಂಡಿದ್ದರು. ನಾನು ತುಂಬಾ ಹೊತ್ತು ನಿಂತದ್ದು ಇಲ್ಲೇ. ಗುರುವಿನ ಸಮಾಧಿ ನೋಡದೇ ಹೋದ ಆ ಶಿಷ್ಯ ಮನಸ್ಸಿನಿಂದ ಹೋಗಲಿಲ್ಲ.

ಕವಿ ಡಾಂಟೆಯ ದೊಡ್ಡ ಸಮಾಧಿಯೂ ಇದೆ, ಒಳಗೆ ಯಾರೂ ಇಲ್ಲ. ಊರು ಅವರನ್ನು ಹೊರಗೆ ಹಾಕಿತು, ಅವರು ರವೆನ್ನಾದಲ್ಲಿ ಸತ್ತರು, ಆ ಊರು ಅಸ್ಥಿ ಕೊಡಲಿಲ್ಲ. ಈಗಲೂ ಅಲ್ಲಿನ ದೀಪಕ್ಕೆ ಫ್ಲಾರೆನ್ಸಿನಿಂದ ವರ್ಷ ವರ್ಷ ಎಣ್ಣೆ ಹೋಗುತ್ತದೆ. ರಾಜನೀತಿ ಬರೆದ ಮೆಕಿಯವೆಲ್ಲಿ, ಸಂಗೀತಗಾರ ರೊಸ್ಸಿನಿ ಸಮಾಧಿಗಳನ್ನು ನೋಡುತ್ತಾ ಮುಂದೆ ಹೋದೆವು.

ಆಗಲೇ ಅಪ್ಪನ ಕನ್ನಡಕದ ಗಾಜು ಬಿತ್ತು.

ಮೇಲೆ ನೋಡಲು ಕತ್ತೆತ್ತಿದಾಗ ಟಪ್ ಅಂತ ಸದ್ದು. ಫ್ರೇಮಿನ ಸ್ಕ್ರೂ ಸಡಿಲವಾಗಿ ಎಡಗಡೆ ಗಾಜು ಕೆಳಗೆ. ನಾನು ಮಂಡಿಯೂರಿ ಕೂತೆ. ಅಲ್ಲಿಯವರೆಗೆ ನಾನು ನೆಲ ನೋಡಿರಲೇ ಇಲ್ಲ. ಈ ಚರ್ಚಿನ ನೆಲದಲ್ಲಿ 200ಕ್ಕೂ ಹೆಚ್ಚು ಸಮಾಧಿ ಕಲ್ಲುಗಳಿವೆ. ನನ್ನ ಕೈ ಕೆಳಗೆ ಒಬ್ಬ ಮನುಷ್ಯ ಮಲಗಿದ್ದ. ಉದ್ದ ನಿಲುವಂಗಿ, ಹೊಟ್ಟೆಯ ಮೇಲೆ ಜೋಡಿಸಿದ ಕೈ, ತಲೆ ಕೆಳಗೆ ದಿಂಬು. ದಿಂಬಿನ ಮೂಲೆಯ ಕುಚ್ಚು ಇನ್ನೂ ಉಳಿದಿತ್ತು. ಮೂಗು, ಬಾಯಿ ಸವೆದು ನುಣ್ಣಗಾಗಿದ್ದವು. ನೂರಾರು ವರ್ಷ ಜನ ನಡೆದು ನಡೆದು ಮುಖ ಅಳಿಸಿಹೋಗಿತ್ತು. ಬೆರಳಾಡಿಸಿದರೆ ಕಣ್ಣಿನ ಗುಂಡಿ ಮಾತ್ರ ತಿಳಿಯುತ್ತಿತ್ತು.

ಕಾವಲಿನ ಹೆಂಗಸು ಓಡಿ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಟಾರ್ಚ್ ಹಚ್ಚಿ ತಾವೂ ಮಂಡಿಯೂರಿದರು. ಬೆಳಕನ್ನು ನೆಲಕ್ಕೆ ಸಮವಾಗಿ, ಓರೆಯಾಗಿ ಬಿಟ್ಟರು. ತಕ್ಷಣ ಆ ಅಳಿಸಿದ ಮುಖದ ಗೆರೆಗಳೆಲ್ಲ ನೆರಳಾಗಿ ಎದ್ದವು. ಹುಬ್ಬು, ಕೆನ್ನೆ, ಟೋಪಿಯ ಅಂಚು. ಗಾಜು ಅವನ ತೋಳಿನ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ಸ್ಕ್ರೂ ಸಿಗಲಿಲ್ಲ. ಆಕೆ ಟಿಕೆಟ್ ಮೇಜಿನಿಂದ ಅಂಟುಪಟ್ಟಿ ತಂದುಕೊಟ್ಟರು. ಅಂಟಿಸಿದ ಕನ್ನಡಕ ಹಾಕಿಕೊಂಡು ಅಪ್ಪ ಕೊನೆಗೂ ಬಾರ್ದಿ ಮನೆತನದ ಪ್ರಾರ್ಥನಾ ಕೋಣೆಗೆ ಬಂದರು. ಮುಖ್ಯ ಪೀಠದ ಬಲಕ್ಕೇ ಇದೆ.

ಎಡಗೋಡೆಯ ಕೆಳಗಿನ ಸಾಲಿನಲ್ಲಿ ಆ ಚಿತ್ರ. ಸಂತ ಫ್ರಾನ್ಸಿಸರ ಸಾವು. ಸುಮಾರು 700 ವರ್ಷದ ಹಿಂದಿನದು. ಅಪ್ಪ ಜೇಬಿನಿಂದ ಹಾಳೆ ತೆಗೆದರು. ಗೋಡೆ ನೋಡಿದರು, ಹಾಳೆ ನೋಡಿದರು, ಮತ್ತೆ ಗೋಡೆ ನೋಡಿದರು. "ಇದು ಅದಲ್ಲ" ಅಂದರು.

ಹಾಳೆಯಲ್ಲಿ ಚಿತ್ರ ಪೂರ್ತಿ ಇತ್ತು. ಗೋಡೆಯಲ್ಲಿ ಇಲ್ಲ. ನಡುವೆ ಸಣ್ಣ ಗೋಪುರದ ಆಕಾರದಲ್ಲಿ ಬರೀ ಗಾರೆ. ಮಲಗಿದ ಸಂತರ ಮೈಯೇ ಅಲ್ಲಲ್ಲಿ ಇಲ್ಲ. ನನಗೆ ಗೊತ್ತಿದ್ದ ಕಥೆ ಹೇಳಿದೆ. ಹದಿನೆಂಟನೇ ಶತಮಾನದಲ್ಲಿ ಈ ಗೋಡೆಗೆ ಸುಣ್ಣ ಬಳಿದುಬಿಟ್ಟರು. ಅದರ ಮೇಲೆ ಯಾರದೋ ಸಮಾಧಿಯ ಕಲ್ಲು ಕೂರಿಸಿದರು. ಅದಕ್ಕಾಗಿ ಗೋಡೆ ಕೆತ್ತಿದ ಕಡೆ ಚಿತ್ರ ಹೋಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಸುಣ್ಣ ಕೆರೆದು ಚಿತ್ರ ಹೊರತೆಗೆದರು. ಗೈತಾನೊ ಬಿಯಾಂಕಿ ಅನ್ನುವವರು ಹೋದ ಜಾಗವನ್ನೆಲ್ಲ ತಾವೇ ಬಿಡಿಸಿ ತುಂಬಿದರು. ಅಪ್ಪನ ಹಾಳೆಯಲ್ಲಿ ಇರುವುದು ಆ ತುಂಬಿದ ಚಿತ್ರ. ಆಮೇಲೆ, 1960ರ ಆಸುಪಾಸಿನಲ್ಲಿ, ಬಿಯಾಂಕಿಯ ಬಣ್ಣವನ್ನೆಲ್ಲ ತೆಗೆದು, ಜಿಯೊಟ್ಟೊನದು ಎಷ್ಟು ಉಳಿದಿದೆಯೋ ಅಷ್ಟನ್ನೇ ಬಿಟ್ಟರು.

ಅಪ್ಪ ಮಾತಾಡಲಿಲ್ಲ. ಬಹಳ ಹೊತ್ತು ನೋಡಿದರು. ಹಸಿ ಗಾರೆ ಒಣಗುವ ಮುಂಚೆ ಬಿಡಿಸಿದ ಚಿತ್ರ ಇದು, ಬಣ್ಣ ಸುಣ್ಣದೊಳಗೇ ಕಲ್ಲಾಗಿದೆ. ಪಕ್ಕದ ಪೆರುಜ್ಜಿ ಕೋಣೆಯಲ್ಲಿ ಅದೇ ಜಿಯೊಟ್ಟೊ ಒಣ ಗಾರೆಯ ಮೇಲೆ ಬಿಡಿಸಿದ್ದರು, ಅಲ್ಲಿ ಬಣ್ಣ ಮಂಜಿನ ಹಾಗೆ ಮಾಸಿದೆ. ಎರಡನ್ನೂ ಅಕ್ಕಪಕ್ಕ ನೋಡಿದರೆ ವ್ಯತ್ಯಾಸ ಮಕ್ಕಳಿಗೂ ತಿಳಿಯುತ್ತದೆ. ದುರ್ಬೀನು ಇದ್ದರೆ ತಗೊಂಡು ಹೋಗಿ, ಮೇಲಿನ ಸಾಲು ಬರಿಗಣ್ಣಿಗೆ ದೂರ.

ಬೆನ್ನು ತೋರಿಸಿ ಕೂತವರು ಇನ್ನೂ ಅಲ್ಲೇ ಇದ್ದರು. ಆಕಾಶ ನೋಡುವವನೂ ಇದ್ದ. ಅಪ್ಪ ಮೆಲ್ಲಗೆ ಹೇಳಿದರು: "ಹುಡುಗರ ಡ್ರಾಯಿಂಗ್ ತಿದ್ದುವಾಗ ನಾನು ಅವರ ಗೆರೆ ಅಳಿಸಿ ನನ್ನ ಗೆರೆ ಎಳೀತಿದ್ದೆ ಕಣೇ. ಪರೀಕ್ಷೆಗೆ ಚೆನ್ನಾಗಿ ಕಾಣಲಿ ಅಂತ. ಎಷ್ಟು ಮಕ್ಕಳದೋ." ನಾನು ಏನೂ ಹೇಳಲಿಲ್ಲ. ಅವರ ಕೈ ಹಿಡಿದುಕೊಂಡೆ.

ಬಲಕ್ಕೆ ಹೋದರೆ ಸಾಕ್ರಿಸ್ಟಿ, ಪಾದ್ರಿಗಳು ಉಡುಪು ತೊಡುವ ಕೋಣೆ. ಅಲ್ಲಿ ಚಿಮಾಬುಯೆ ಬಿಡಿಸಿದ ಮರದ ಶಿಲುಬೆ ತೂಗಿದೆ. ನಾಲ್ಕು ಮೀಟರಿಗೂ ಎತ್ತರ. ಈ ಕಟ್ಟಡಕ್ಕಿಂತ ಹಳೆಯದು. 1966ರಲ್ಲಿ ಪಕ್ಕದ ಭೋಜನಶಾಲೆಯಲ್ಲಿದ್ದಾಗ ನೀರು ನುಗ್ಗಿತು. ಚಳಿಗಾಲಕ್ಕೆ ಅಂತ ಮನೆಮನೆಯಲ್ಲೂ ತುಂಬಿಸಿದ್ದ ಉರುವಲು ಎಣ್ಣೆ ಆ ನೀರಿಗೆ ಸೇರಿತ್ತು. ಮರ ನೀರು ಕುಡಿದು ಊದಿಕೊಂಡಿತು, ಬಣ್ಣ ಉದುರಿತು. ಅರ್ಧಕ್ಕೂ ಹೆಚ್ಚು ಬಣ್ಣ ಹೋಯಿತು. ನೀರು ಇಳಿದ ಮೇಲೆ ಸನ್ಯಾಸಿಗಳು, ಕೆಲಸದವರು ಸೇರಿ ಟೀ ಸೋಸುವ ಜಾಲರಿ ಹಿಡಿದು ಕೆಸರಿನಲ್ಲಿ ಬಣ್ಣದ ಚೂರುಗಳನ್ನು ಸೋಸಿದರು.

ಟೀ ಸೋಸುವ ಜಾಲರಿ! ಬೆಳಿಗ್ಗೆ ಆ ಕಲ್ಲಿನ ಮೇಲೆ ಮಂಡಿಯೂರಿ ಒಂದು ಸ್ಕ್ರೂ ಹುಡುಕಿದ್ದ ನನಗೆ ಆ ಕೆಲಸದ ಕಷ್ಟ ಸ್ವಲ್ಪ ಗೊತ್ತಾಯಿತು.

ರಿಪೇರಿಗೆ ಹತ್ತು ವರ್ಷ ಹಿಡಿಯಿತು. ಹೋದ ಮುಖವನ್ನು ಮತ್ತೆ ಬಿಡಿಸಲಿಲ್ಲ. ಬೋಳಾದ ಜಾಗದಲ್ಲಿ ಸೂಜಿ ಗೆರೆಗಳನ್ನು ಹೆಣೆದಿದ್ದಾರೆ. ಹಳದಿ, ಕೆಂಪು, ಹಸಿರು. ದೂರದಿಂದ ಕಂದು ಬಣ್ಣದ ಕಲೆ ಅನಿಸುತ್ತದೆ, ಹತ್ತಿರ ಹೋದರೆ ನೇಯ್ಗೆ ಕಾಣುತ್ತದೆ. ಕ್ರಿಸ್ತನ ಮುಖದ ಅರ್ಧ ಭಾಗ ಇದೆ, ಇನ್ನರ್ಧ ಇಲ್ಲ. ಇರುವ ಒಂದು ಕಣ್ಣು ಮುಚ್ಚಿದೆ. ಇಷ್ಟು ಹತ್ತಿರದಿಂದ ಇಷ್ಟು ದುಃಖ ಆದದ್ದು ನನಗೆ ಬೇರೆ ಯಾವ ಚಿತ್ರದ ಮುಂದೆಯೂ ನೆನಪಿಲ್ಲ.

ಭೋಜನಶಾಲೆಯಲ್ಲಿ ವಸಾರಿಯ 'ಕೊನೆಯ ಊಟ'ವಿದೆ. ಐದು ಮರದ ಹಲಗೆಗಳ ಚಿತ್ರ. ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ನೀರಿನಲ್ಲಿ ಮುಳುಗಿತ್ತು. ಬಣ್ಣ ಜಾರದಿರಲಿ ಅಂತ ಮೇಲೆ ತೆಳು ಕಾಗದ ಅಂಟಿಸಿ ಎತ್ತಿಟ್ಟರು. ಅದನ್ನು ಸರಿಮಾಡುವ ವಿದ್ಯೆಯೇ ಆಗ ಇರಲಿಲ್ಲ. ಸರಿಯಾಗಿ 50 ವರ್ಷದ ಮೇಲೆ, 2016ರಲ್ಲಿ, ವಾಪಸ್ ಗೋಡೆಗೆ ಬಂತು. ಈಗ ಪ್ರವಾಹದ ಸೂಚನೆ ಬಂದರೆ ಚಿತ್ರವನ್ನು ಮೇಲಕ್ಕೆ ಎತ್ತುವ ಏರ್ಪಾಡು ಮಾಡಿದ್ದಾರೆ. ಅಪ್ಪ ಚಿತ್ರಕ್ಕಿಂತ ಜಾಸ್ತಿ ಹೊತ್ತು ಅದು ಮೇಲೇರುವ ಜಾಗವನ್ನೇ ನೋಡಿದರು.

ರಾತ್ರಿ ರೂಮಿನಲ್ಲಿ ಅಪ್ಪ ನೋಟ್‌ಬುಕ್ ತೆಗೆದು ಫ್ರಾನ್ಸಿಸರ ಸಾವಿನ ಚಿತ್ರ ಬಿಡಿಸಿದರು. ಗೋಡೆಯಲ್ಲಿ ಇಲ್ಲದ ಜಾಗವನ್ನು ನೋಟ್‌ಬುಕ್ಕಿನಲ್ಲೂ ಖಾಲಿ ಬಿಟ್ಟರು.

ಮೂರನೇ ದಿನ, ಮಂಗಳವಾರ

ಬೆಳಿಗ್ಗೆ ಮೊದಲು ಕನ್ನಡಕದ ಅಂಗಡಿ. ಚರ್ಚಿನ ಹಿಂದಿನ ಬೀದಿಯಲ್ಲಿ ಸಣ್ಣದೊಂದು ಇತ್ತು. ಮಾಲೀಕರಿಗೆ ಅಪ್ಪನಷ್ಟೇ ವಯಸ್ಸು. ಅಂಟುಪಟ್ಟಿ ನೋಡಿ ನಕ್ಕು, ಡಬ್ಬಿಯಿಂದ ಸಾಸಿವೆ ಗಾತ್ರದ ಸ್ಕ್ರೂ ಹುಡುಕಿ ತೆಗೆದರು. ಅವರಿಗೆ ಇಂಗ್ಲಿಷ್ ಸ್ವಲ್ಪ, ನನಗೆ ಇಟಾಲಿಯನ್ ಇನ್ನೂ ಸ್ವಲ್ಪ. ಸಾಂತಾ ಕ್ರೋಚೆ ನೋಡಿದೆವು, ಚಿಮಾಬುಯೆ ನೋಡಿದೆವು ಅಂದ ತಕ್ಷಣ ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಪ್ರವಾಹದ ವರ್ಷ ಅವರು ಎಂಟು ವರ್ಷದ ಹುಡುಗ. ಅಂಗಡಿ ಅವರ ತಂದೆಯದು. ರಜೆಯ ದಿನ, ಊರೆಲ್ಲ ಮಲಗಿತ್ತು. ಮಹಡಿಯ ಕಿಟಕಿಯಿಂದ ನೋಡಿದರೆ ಬೀದಿಯಲ್ಲಿ ಕಾರುಗಳು ತೇಲಿಕೊಂಡು ಹೋಗುತ್ತಿದ್ದವಂತೆ. ಬಾಗಿಲಿನ ಮೇಲಿನ ಗೋಡೆಯಲ್ಲಿ ಕೈ ಇಟ್ಟು ತೋರಿಸಿದರು, ಇಲ್ಲಿ. ಮೂಗು ಮುಚ್ಚಿಕೊಂಡು ತೋರಿಸಿದರು, ಎಣ್ಣೆಯ ವಾಸನೆ. ಆಮೇಲೆ ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳು, ಕೆಸರಿನ ದೇವದೂತರು ಅಂತ ಊರೇ ಕರೆದ ಹುಡುಗ ಹುಡುಗಿಯರು. ಅವರಲ್ಲಿ ಒಬ್ಬಳು ಇವರಿಗೆ ಚಾಕಲೇಟ್ ಕೊಟ್ಟಿದ್ದಳಂತೆ. ಯಾವ ದೇಶದವಳೋ ಗೊತ್ತಿಲ್ಲ.

ದುಡ್ಡು ಎಷ್ಟು ಅಂದೆ. ಒಂದು ಸ್ಕ್ರೂಗೆ ದುಡ್ಡಾ ಅನ್ನುವ ಹಾಗೆ ಕೈ ಬೀಸಿದರು. ಅಪ್ಪ ಬ್ಯಾಗಿನಿಂದ ಹಾಸನದ ಕಾಫಿಪುಡಿಯ ಪೊಟ್ಟಣ ತೆಗೆದು ಮೇಜಿನ ಮೇಲೆ ಇಟ್ಟರು. ಅವರು ಅದನ್ನು ಮೂಸಿ ಕಣ್ಣು ಮುಚ್ಚಿದರು.

ಮಧ್ಯಾಹ್ನ ಕಾಶಿನೆ ಪಾರ್ಕಿಗೆ ಹೋದೆವು. ಟ್ರಾಮಿನಲ್ಲಿ ಇಳಿದು ನದಿಯ ಪಕ್ಕ ಕೊನೆಯವರೆಗೆ ನಡೆಯಬೇಕು, ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ದಾರಿಯಲ್ಲಿ ಸುಟ್ಟ ಚೆಸ್ಟ್‌ನಟ್ ಕೊಂಡು ತಿಂದೆವು. ಹಲಸಿನ ಬೀಜದ ರುಚಿಯೇ. ಇಲ್ಲಿಗೆ ಪ್ರವಾಸಿಗರು ಕಡಿಮೆ, ನಮ್ಮವರು ಮಾತ್ರ ಬರಲೇಬೇಕು. ಪಾರ್ಕಿನ ತುದಿಯಲ್ಲಿ, ಮುಗ್ನೊನೆ ಅನ್ನುವ ಸಣ್ಣ ಹೊಳೆ ಆರ್ನೊ ಸೇರುವ ಕಡೆ, ನಮ್ಮ ದೇಶದ ಛತ್ರಿಯೊಂದು, ಅಂದರೆ ಗುಮ್ಮಟದ ಸ್ಮಾರಕ ಮಂಟಪ, ನಿಂತಿದೆ. ಒಳಗೆ ಪೇಟ ಸುತ್ತಿದ ಹುಡುಗನ ಅರೆಪ್ರತಿಮೆ. ಕೊಲ್ಲಾಪುರದ ಮಹಾರಾಜ ರಾಜಾರಾಮ. ಇಂಗ್ಲೆಂಡಿನಿಂದ ಊರಿಗೆ ವಾಪಸ್ ಹೋಗುವ ದಾರಿಯಲ್ಲಿ 1870ರ ನವೆಂಬರ್ 30ರಂದು ಈ ಊರಿನಲ್ಲಿ ತೀರಿಕೊಂಡ. ಇಪ್ಪತ್ತೇ ವರ್ಷ. ಹೆಣ ಸುಡುವ ಪದ್ಧತಿ ಇಲ್ಲಿ ಇರಲಿಲ್ಲ. ವಿಶೇಷ ಅನುಮತಿ ಪಡೆದು, ಎರಡು ನೀರು ಸೇರುವ ಈ ಜಾಗ ಹುಡುಕಿ, ಇಲ್ಲೇ ಚಿತೆ ಮಾಡಿದರು. ಛತ್ರಿ ಬಂದದ್ದು 1874ರಲ್ಲಿ, ವಿನ್ಯಾಸ ಚಾರ್ಲ್ಸ್ ಮ್ಯಾಂಟ್ ಅವರದು. ಆಮೇಲೆ ಕೊಲ್ಲಾಪುರದ ಹೊಸ ಅರಮನೆಯನ್ನು ರೂಪಿಸಿದವರೂ ಅವರೇ.

ಓಡುತ್ತಾ ಬಂದ ಹುಡುಗಿಯೊಬ್ಬಳು ನಮ್ಮನ್ನು ನೋಡಿ ನಿಂತಳು. ಪ್ರತಿಮೆ ಕಡೆ ಕೈ ತೋರಿಸಿ "ಲಿಂಡಿಯಾನೊ" ಅಂದಳು. ಆ ಭಾರತೀಯ ಅಂತ ಅರ್ಥ. ಪಕ್ಕದ ಸೇತುವೆಗೂ ಅದೇ ಹೆಸರು. ಅವಳು ಚಿಕ್ಕವಳಿದ್ದಾಗ ಸೈಕಲ್ ಕಲಿತದ್ದು ಈ ಛತ್ರಿಯ ಸುತ್ತಲೇ ಅಂತೆ.

ಅಪ್ಪ ಚಪ್ಪಲಿ ಬಿಟ್ಟು ನದಿಯ ಅಂಚಿಗೆ ಇಳಿದರು. ಎರಡು ದಿನದ ಮಳೆಗೆ ಆರ್ನೊ ಕಂದಾಗಿತ್ತು. ಮುಗ್ನೊನೆಯ ನೀರು ಇನ್ನೂ ಸ್ವಲ್ಪ ತಿಳಿಯಾಗಿತ್ತು. ಸೇರಿದ ಮೇಲೂ ಒಂದಷ್ಟು ದೂರ ಎರಡೂ ಬೇರೆ ಬೇರೆಯಾಗಿ ಹರಿದವು. "ಊರಲ್ಲಿದ್ದಿದ್ರೆ ಈ ಹುಡುಗನ ಬೂದಿ ಪಂಚಗಂಗೆಗೆ ಬೀಳ್ತಿತ್ತು" ಅಂದರು ಅಪ್ಪ. "ಅದು ಕೃಷ್ಣೆ ಸೇರಿ ನಮ್ಮ ಕಡೆಗೇ ಬರುತ್ತೆ ಅಲ್ವಾ." ನೀರಲ್ಲಿ ಕೈ ಅದ್ದಿ ಹಣೆಗೆ ಹಚ್ಚಿಕೊಂಡರು. ಮೇಲೆ ಬಂದು ಕಲ್ಲಿನ ಮೇಲೆ ಕೂತು ನೋಟ್‌ಬುಕ್ ತೆಗೆದರು. ಮೋಡ ಕವಿದಿತ್ತು, ಮಿಲಾನಿನ ಟ್ರೇನಿಗೆ ಇನ್ನೂ ಮೂರು ಗಂಟೆ ಇತ್ತು. ನಾನು ಛತ್ರಿ ಬಿಚ್ಚಿ ಅವರ ಹಾಳೆಗೆ ಅಡ್ಡ ಹಿಡಿದು ನಿಂತೆ.